ಗೋಡೆಯ ಮಸಿಯಿಂದ ಮಕ್ಕಳ ಕೈಗೆ

ಮಕ್ಕಳು ಹಿಸುಕಿ, ಲಟ್ಟಿಸಿ, ಹಾವು-ಲಾಡು ಮಾಡಿ ಆಡುವ ಬಣ್ಣದ ಹಿಟ್ಟು ಪ್ಲೇ-ಡೋ ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ, ಮಸಿ ಹಿಡಿದ ಗೋಡೆಗಳಿಗಾಗಿ.

1930ರ ದಶಕದ ಅಮೆರಿಕದಲ್ಲಿ ಮನೆ ಬೆಚ್ಚಗಿಡಲು ಕಲ್ಲಿದ್ದಲು ಉರಿಸುತ್ತಿದ್ದರು. ಅದರ ಮಸಿ ಗೋಡೆಗೆ ಅಂಟಿಸಿದ ಕಾಗದದ ಮೇಲೆ ಕೂರುತ್ತಿತ್ತು. ನೀರು ಹಾಕಿ ತೊಳೆದರೆ ಕಾಗದವೇ ಹಾಳು. ಸಿನ್ಸಿನಾಟಿಯ ಕುಟಾಲ್ ಕಂಪನಿ ಇದಕ್ಕೆಂದೇ ಮೆತ್ತನೆಯ ಹಿಟ್ಟೊಂದನ್ನು ಮಾರುತ್ತಿತ್ತು. ಉಂಡೆ ಕಟ್ಟಿ ಗೋಡೆಯ ಮೇಲೆ ಉರುಳಿಸಿದರೆ ಮಸಿ ಅದಕ್ಕೆ ಮೆತ್ತಿಕೊಳ್ಳುತ್ತಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಮನೆ ಬೆಚ್ಚಗಿಡಲು ಕಲ್ಲಿದ್ದಲಿನ ಬದಲು ಗ್ಯಾಸ್ ಬಂತು, ತೊಳೆಯಬಹುದಾದ ವಿನೈಲ್ ಕಾಗದವೂ ಬಂತು. ಹಿಟ್ಟನ್ನು ಕೇಳುವವರಿಲ್ಲ.

ಆಗ ದಾರಿ ತೋರಿದವರು ಕಂಪನಿಯ ಜೋ ಮೆಕ್‌ವಿಕರ್ ಅವರ ನಾದಿನಿ, ಶಿಶುವಿಹಾರದ ಶಿಕ್ಷಕಿ ಕೇ ಜುಫಾಲ್. ಮಾಮೂಲಿ ಮಾಡೆಲಿಂಗ್ ಜೇಡಿ ಎಳೆಯ ಬೆರಳುಗಳಿಗೆ ಬಲು ಗಟ್ಟಿ. ಈ ಹಿಟ್ಟನ್ನು ಕೊಟ್ಟರೆ ಮಕ್ಕಳು ಕೆಳಗಿಡಲೇ ಒಲ್ಲರು! ಪ್ಲೇ-ಡೋ ಎಂಬ ಹೆಸರನ್ನು ಸೂಚಿಸಿದ್ದೂ ಈಕೆ ಮತ್ತು ಈಕೆಯ ಗಂಡ. ಹೊಸ ಆಟಿಕೆಯ ಚರಿತ್ರೆಯಲ್ಲಿ ಶಿಕ್ಷಕಿಗೆ ಸಲ್ಲಬೇಕಾದ ಪಾಲು ದೊಡ್ಡದು, ಸಿಕ್ಕ ಹೆಸರು ಮಾತ್ರ ಸಣ್ಣದು.

1956ರಲ್ಲಿ ರೇನ್‌ಬೋ ಕ್ರಾಫ್ಟ್ಸ್ ಎಂಬ ಕಂಪನಿ ಕಟ್ಟಿ ಮಾರಾಟ ಶುರುವಾಯಿತು. ಮೊದಲು ಮಾಸಲು ಬಿಳಿ ಒಂದೇ. ಕೆಂಪು, ಹಳದಿ, ನೀಲಿ ಆಮೇಲೆ ಬಂದವು. ಹೂರಣವೆಲ್ಲ ಅಡುಗೆಮನೆಗೆ ಹತ್ತಿರದ್ದೇ: ಮುಖ್ಯವಾಗಿ ಗೋಧಿಹಿಟ್ಟು, ನೀರು, ಉಪ್ಪು. ವಿಷವಲ್ಲ ನಿಜ, ಆದರೆ ಗೋಧಿಯ ಅಲರ್ಜಿ ಇರುವ ಮಕ್ಕಳಿಗೆ ಆಗದು. ನಮ್ಮ ಮನೆಗಳಲ್ಲಿ ಚಪಾತಿ ಲಟ್ಟಿಸುವಾಗ ಮಗುವಿನ ಕೈಗೂ ಒಂದು ಉಂಡೆ ಕೊಟ್ಟು ಕೂರಿಸುತ್ತಾರಲ್ಲ, ಅದಕ್ಕೆ ಪೇಟೆಂಟ್ ಬೇಕಾಗಿರಲಿಲ್ಲ. ಪ್ಲೇ-ಡೋಗೆ ಅದು ದಕ್ಕಿದ್ದು 1965ರಲ್ಲಿ.