ಉಗ್ಗು
ಧ್ವನಿ ಅಥವಾ ಅಕ್ಷರಗಳ ಪುನರಾವೃತ್ತಿಯಿಂದಲೂ ದೀರ್ಘೀಕರಣದಿಂದಲೂ ಉಚ್ಚಾರಣೆಯ ಸ್ತಂಭನದಿಂದಲೂ ವಾಕ್ಪ್ರವಾಹವು ಭಂಗಗೊಳ್ಳುವ ಸ್ಥಿತಿ. ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ, ಮಗುವು ವಾಕ್ಯಗಳನ್ನು ಹೆಣೆಯತೊಡಗುವ ಕಾಲದಲ್ಲಿ ತಲೆದೋರುವ ಇದು, ನೂರರಲ್ಲಿ ಸುಮಾರು 5 ಮಕ್ಕಳಲ್ಲಿ ಕಂಡುಬಂದರೂ ಅವರಲ್ಲಿ ಬಹುಪಾಲಿಗೆ ತಾನಾಗಿಯೇ ಶಮನಹೊಂದಿ, ವಯಸ್ಕರಲ್ಲಿ ನೂರಕ್ಕೆ ಸುಮಾರು 1ರಷ್ಟು ಮಂದಿಯಲ್ಲಿ, ಅದರಲ್ಲಿಯೂ ಸ್ತ್ರೀಯರಿಗಿಂತ ಪುರುಷರಲ್ಲಿ ಅಧಿಕವಾಗಿ, ಉಳಿದುಕೊಳ್ಳುವುದು.

ಕಾರಣ: ತಂದೆತಾಯಿಗಳ ಆತಂಕವೇ ಇದಕ್ಕೆ ಮೂಲವೆಂದು ಅಮೆರಿಕದ ವಾಕ್ ತಜ್ಞ ವೆಂಡೆಲ್ ಜಾನ್ಸನ್ ಪ್ರತಿಪಾದಿಸಿದ್ದ ವಾದವು ಇಂದು ಮಾನ್ಯವಾಗಿ ಉಳಿದಿಲ್ಲ; ಆನುವಂಶಿಕತೆಯೂ, ಮಾತನ್ನು ಯೋಜಿಸಿ ನಡೆಸುವ ಮಿದುಳಿನ ಜಾಲಗಳಲ್ಲಿನ ವ್ಯತ್ಯಾಸವೂ ಪ್ರಧಾನ ಹೇತುಗಳೆಂದು ಪರಿಗಣಿತವಾಗಿವೆ. ಭಯ, ಲಜ್ಜೆ ಮತ್ತು ಅವಸರಗಳು ಉಗ್ಗನ್ನು ಉಲ್ಬಣಗೊಳಿಸಬಲ್ಲವೇ ಹೊರತು ಅದರ ಮೂಲವಲ್ಲ. ಬುದ್ಧಿಶಕ್ತಿಗಂತೂ ಇದರೊಡನೆ ಸಂಬಂಧವೇ ಇಲ್ಲ. ಹಾಡುವಾಗಲೂ ಅನೇಕರು ಕೂಡಿ ಪಠಿಸುವಾಗಲೂ ಇದು ಬಹುಮಟ್ಟಿಗೆ ಮರೆಯಾಗುವುದು ಗಮನಾರ್ಹ.

ಚಿಕಿತ್ಸೆ: ಆಸ್ಟ್ರೇಲಿಯದಲ್ಲಿ ರೂಪುಗೊಂಡ ಲಿಡ್ಕಂಬ್ ಕ್ರಮದಲ್ಲಿ, ತಜ್ಞರ ಮಾರ್ಗದರ್ಶನ ಪಡೆದ ಪೋಷಕರು ಮಗುವಿನ ನಿರರ್ಗಳವಾದ ಮಾತನ್ನು ಮನೆಯಲ್ಲಿಯೇ ಪ್ರಶಂಸಿಸಿ ಪೋಷಿಸುವರು. ವಯಸ್ಕರಿಗೆ ನಿಧಾನ ಭಾಷಣ, ಮೃದುವಾದ ಧ್ವನ್ಯಾರಂಭ, ಹಾಗೂ ವಾಕ್ ಚಿಕಿತ್ಸಾ ತಜ್ಞ ಚಾರ್ಲ್ಸ್ ವ್ಯಾನ್ ರೈಪರ್ ಬೋಧಿಸಿದಂತೆ ಉಗ್ಗನ್ನು ಅಡಗಿಸದೆ ಸಡಿಲವಾಗಿ ದಾಟಿಹೋಗುವ ಅಭ್ಯಾಸಗಳು ವಿಹಿತವಾಗಿವೆ. ಸಂಪೂರ್ಣ ನಿವಾರಣೆಯನ್ನುಂಟುಮಾಡುವ ಔಷಧಿಯಿಲ್ಲ. ಕರ್ಣಾಟಕದಲ್ಲಿ, 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇದರ ಚಿಕಿತ್ಸೆ, ಸಂಶೋಧನೆ ಮತ್ತು ತಜ್ಞರ ಶಿಕ್ಷಣಗಳಲ್ಲಿ ನಿರತವಾಗಿದೆ.