ಬೇರ್ ಮೌಂಟನ್: ಉಳಿದ ಗುಡ್ಡ, ಅಳಿದ ಊರು

ನ್ಯೂಯಾರ್ಕ್ ನಗರದಿಂದ ಹಡ್ಸನ್ ನದಿಯ ಪಶ್ಚಿಮ ದಂಡೆ ಹಿಡಿದು ಉತ್ತರಕ್ಕೆ ಸುಮಾರು 45 ಮೈಲಿ ಹೋದರೆ ಬೇರ್ ಮೌಂಟನ್ ಸ್ಟೇಟ್ ಪಾರ್ಕ್ ಸಿಗುತ್ತದೆ. ನಮ್ಮ ಕೂಟದ ಏಳೆಂಟು ಸಂಸಾರಗಳವರು ಒಂದು ಭಾನುವಾರ ಪುಳಿಯೋಗರೆ, ಮೊಸರನ್ನದ ಡಬ್ಬಿಗಳೊಡನೆ ಹೊರಟೆವು. ಮಕ್ಕಳಿಗೆ ಗಿಡ, ಹಕ್ಕಿ ತೋರಿಸಬೇಕೆಂಬುದು ಉದ್ದೇಶ. ಮಾರ್ಗದರ್ಶಿಯೊಡನೆ ನಡೆಯುತ್ತ ಕೇಳಿದ್ದನ್ನೂ, ಮನೆಗೆ ಬಂದು ಓದಿದ್ದನ್ನೂ ಸದಸ್ಯರ ಮುಂದಿಡುತ್ತಿದ್ದೇವೆ.

ಈ ಗುಡ್ಡದ ಬುಡದಲ್ಲಿ ಇಂದು ಜೈಲು ಇರಬೇಕಾಗಿತ್ತು! 1908ರಲ್ಲಿ ಸರ್ಕಾರ ಸಿಂಗ್ ಸಿಂಗ್ ಕಾರಾಗೃಹವನ್ನು ಇಲ್ಲಿಗೆ ಸಾಗಿಸಲು ನಿಶ್ಚಯಿಸಿ, ಕೈದಿಗಳಿಂದಲೇ ಕಾಡು ಕಡಿಸತೊಡಗಿತ್ತು. ರೈಲ್ವೆ ಕುಬೇರ ಇ. ಎಚ್. ಹ್ಯಾರಿಮನ್ 1909ರಲ್ಲಿ ತೀರಿಕೊಂಡರು. ಮರುವರ್ಷ ಅವರ ಪತ್ನಿ ಮೇರಿ ಹ್ಯಾರಿಮನ್ 10,000 ಎಕರೆ ಜಮೀನನ್ನೂ 10 ಲಕ್ಷ ಡಾಲರುಗಳನ್ನೂ ರಾಜ್ಯಕ್ಕೆ ದಾನವಾಗಿ ಕೊಟ್ಟರು. ಜೈಲಿನ ಯೋಜನೆ ಕೈಬಿಡಬೇಕೆಂಬುದು ಷರತ್ತು. ಸರ್ಕಾರ ಒಪ್ಪಿತು. 1913ರಲ್ಲಿ ಪಾರ್ಕ್ ತೆರೆಯಿತು. ನಗರದ ಜನ ಉಗಿಹಡಗು ಹತ್ತಿ ಬರತೊಡಗಿದರು.

ಬಂದವರಿಗೆ ಕಾಡನ್ನು ನೋಡುವ ಬಗೆ ಕಲಿಸಬೇಕೆಂದು ಹೊರಟವರಲ್ಲಿ ಫ್ರಾಂಕ್ ಲುಟ್ಜ್ ಮುಖ್ಯರು. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ಕೀಟಶಾಸ್ತ್ರಜ್ಞರಾಗಿದ್ದ ಇವರು 1925ರಲ್ಲಿ, ಬೇರ್ ಮೌಂಟನ್ನಿಗೆ ದೂರವಲ್ಲದ ಟಕ್ಸೀಡೋ ಬಳಿ, ಎರಡು ಕಾಲುದಾರಿ ಮಾಡಿದರು. ಒಂದರಲ್ಲಿ ಮರ, ಬಳ್ಳಿ, ಹುಳುಗಳ ಪಕ್ಕ ವಿವರ ಬರೆದ ಚೀಟಿಗಳು. ಇನ್ನೊಂದರಲ್ಲಿ ಬರೀ ಪ್ರಶ್ನೆಗಳು! ಮೊದಲನೆಯದರಲ್ಲಿ ಕಲಿತದ್ದನ್ನು ಎರಡನೆಯದರಲ್ಲಿ ನೀವೇ ಪರೀಕ್ಷಿಸಿಕೊಳ್ಳಬೇಕು. ಮೇಷ್ಟರಿಲ್ಲ, ಬೆತ್ತವಿಲ್ಲ. ನಮಗಂತೂ ಇದಕ್ಕಿಂತ ಒಳ್ಳೆಯ ಪಾಠಶಾಲೆ ತೋರಲಿಲ್ಲ. ಅದೇ ಮ್ಯೂಸಿಯಂನ ನೆರವಿನಿಂದ 1927ರಲ್ಲಿ ಬೇರ್ ಮೌಂಟನ್ನಿನಲ್ಲಿ ಟ್ರೇಲ್‌ಸೈಡ್ ಮ್ಯೂಸಿಯಂ ಹುಟ್ಟಿತು. ಅಲ್ಲಿನ ಮೃಗಾಲಯದಲ್ಲಿರುವವು ಗಾಯಗೊಂಡು ಕಾಡಿಗೆ ಮರಳಲಾರದಂಥ ಸ್ಥಳೀಯ ಪ್ರಾಣಿಪಕ್ಷಿಗಳು. ಜಾರ್ಜಿಯಾದಿಂದ ಮೇನ್ ತನಕ ಹೋಗುವ ಅಪಲೇಚಿಯನ್ ಕಾಲುದಾರಿ ಇದರ ನಡುವೆಯೇ ಹಾಯುತ್ತದೆ; ಆ ದಾರಿಯ ಅತಿ ತಗ್ಗಿನ ಜಾಗ, ಸಮುದ್ರಮಟ್ಟದಿಂದ 124 ಅಡಿ, ಇಲ್ಲಿಯೇ ಇದೆ.

ಊಟಕ್ಕೆ ಮುಂಚೆ ಮಾರ್ಗದರ್ಶಿ ನಮ್ಮನ್ನು ಡೂಡಲ್‌ಟೌನ್ ಕಡೆಗೆ ನಡೆಸಿದರು. ಹೆಸರು ಕೇಳಿ ಮಕ್ಕಳು ನಕ್ಕರು. ಹೋಗಿ ನೋಡಿದರೆ ಊರೇ ಇಲ್ಲ! ಕಲ್ಲಿನ ಮೆಟ್ಟಿಲು, ಮನೆಗಳ ತಳಪಾಯ, ಸ್ಮಶಾನ, ಮನೆಗಳಿದ್ದ ಜಾಗದಲ್ಲಿ ಫಲಕಗಳು, ಇಷ್ಟೇ. 1777ರ ಅಕ್ಟೋಬರ್ 6ರಂದು ಬ್ರಿಟಿಷ್ ಸೈನ್ಯ ಹಡ್ಸನ್ ದಂಡೆಯ ಕೋಟೆಗಳನ್ನು ಹಿಡಿಯಲು ಹೋದದ್ದು ಈ ಊರಿನ ಮೇಲೆಯೇ. ಶಾಲೆ, ಚರ್ಚು ಎಲ್ಲ ಇತ್ತು. ಸುತ್ತಲೂ ಪಾರ್ಕ್ ಬೆಳೆದಂತೆ ಆಡಳಿತದವರು ಒಂದೊಂದೇ ಮನೆ ಕೊಂಡುಕೊಂಡರು. 1965ರಲ್ಲಿ ಕೊನೆಯ ನಿವಾಸಿಗಳೂ ಹೊರಟುಹೋದರು. ಈಗ ಅಲ್ಲಿ ಹಕ್ಕಿ ನೋಡುವವರು ದುರ್ಬೀನು ಹಿಡಿದು ನಿಲ್ಲುತ್ತಾರೆ.

ನಮ್ಮೊಡನೆ ಬಂದಿದ್ದ ಸಾಗರದ ಕಡೆಯ ಹಿರಿಯರೊಬ್ಬರು ಮೆಟ್ಟಿಲೊಂದರ ಮೇಲೆ ಕುಳಿತುಬಿಟ್ಟರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅವರದೂ ಒಂದು. "ಇವರಿಗೆ ಮೆಟ್ಟಿಲಾದರೂ ಉಳೀತು ಮಾರಾಯರೇ" ಎಂದರು. ಅಲ್ಲಿಯವರೆಗೆ ಮೇರಿ ಹ್ಯಾರಿಮನ್ನರನ್ನು ಹೊಗಳುತ್ತಿದ್ದ ನಾವು ಸುಮ್ಮನಾದೆವು. ಜೈಲಿನಿಂದ ಗುಡ್ಡ ಉಳಿಸಿದ ಪಾರ್ಕಿಗೆ ಮುನ್ನೂರು ಜನರಿದ್ದ ಹಳ್ಳಿಯೊಂದನ್ನು ಉಳಿಸಿಕೊಳ್ಳಲು ಏಕೆ ಆಗಲಿಲ್ಲವೋ! ಫಲಕಗಳನ್ನು ಮಕ್ಕಳಿಗೆ ಕನ್ನಡದಲ್ಲಿ ಒಂದೊಂದಾಗಿ ಓದಿ ಹೇಳುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು.

ಹೋಗಬಯಸುವವರಿಗೆ ಒಂದು ಮಾತು. ಅಕ್ಟೋಬರಿನಲ್ಲಿ ಎಲೆ ಕೆಂಪಾದಾಗ ವಿಪರೀತ ಜನ, ಬೆಳಗ್ಗೆಯೇ ತಲುಪಿರಿ. ಡೂಡಲ್‌ಟೌನಿಗೆ ಚಪ್ಪಲಿಯಲ್ಲಿ ಹೋಗಬೇಡಿ, ಆ ಕಡೆ ವಿಷದ ಹಾವುಗಳುಂಟು. ಹಳೆಯ ಕಲ್ಲುಗೋಡೆಗಳ ಸಂದಿಗೆ ಮಕ್ಕಳು ಕೈಹಾಕದಂತೆ ನೋಡಿಕೊಳ್ಳಿ.