ಮೈಸೂರಿನ ಎರಡು ರೋಟಾವೈರಸ್‌ಗಳು: ಅಂತರಪ್ರಭೇದ ಸಂಕ್ರಮಣದ ಒಂದು ಅಧ್ಯಾಯ

ಕರುಳಿನ ವೈರಸ್‌ಗಳ ಇತಿಹಾಸವನ್ನು ಬರೆಯುವವರು ಪ್ರಾಣಿಗಳಿಗೊಂದು ಅಧ್ಯಾಯವನ್ನೂ ಮನುಷ್ಯರಿಗೆ ಮತ್ತೊಂದನ್ನೂ ಮೀಸಲಿಡುವುದು ವಾಡಿಕೆ. ಈ ವಿಭಜನೆ ಪ್ರಯೋಗಶಾಲೆಗಳದೇ ಹೊರತು ವೈರಸ್ಸಿನದಲ್ಲ. 1969ರಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಮೀಬಸ್ ಮತ್ತು ಸಂಗಡಿಗರು ಭೇದಿಯಿಂದ ನರಳುತ್ತಿದ್ದ ಕರುಗಳಲ್ಲಿ ಒಂದು ವೈರಸ್ಸನ್ನು ಕಂಡರು. 1973ರಲ್ಲಿ ಮೆಲ್ಬರ್ನಿನ ರೂತ್ ಬಿಷಪ್ ಮತ್ತು ಸಹೋದ್ಯೋಗಿಗಳು ಅಂಥದನ್ನೇ ಮಕ್ಕಳ ಕರುಳಿನಲ್ಲಿಯೂ, 1975ರಲ್ಲಿ ಇಂಗ್ಲೆಂಡಿನ ಫ್ಲೆವೆಟ್ ಮೊದಲಾದವರು ಕುದುರೆಮರಿಗಳಲ್ಲಿಯೂ ಗುರುತಿಸಿದರು. ಚಕ್ರವನ್ನು ಹೋಲುವ ಆಕಾರದಿಂದಾಗಿ ಅದಕ್ಕೆ ಲ್ಯಾಟಿನ್ ಮೂಲದ ‘ರೋಟಾ’ ಎಂಬ ಹೆಸರು ನಿಂತಿತು.

ಈ ವೈರಸ್ಸಿನ ವಂಶದ್ರವ್ಯವು 11 ತುಂಡುಗಳಾಗಿ ಇರುತ್ತದೆ. ಎರಡು ತಳಿಗಳು ಒಂದೇ ಜೀವಕೋಶವನ್ನು ಹೊಕ್ಕಾಗ ತುಂಡುಗಳು ಅದಲುಬದಲಾಗಬಹುದು. ಇವನ್ನು ಜೆಲ್‌ನಲ್ಲಿ ವಿದ್ಯುತ್ತಿನ ನೆರವಿನಿಂದ ಹರಿಸಿದರೆ ದೊರೆಯುವ ವಿನ್ಯಾಸಕ್ಕೆ ‘ದೀರ್ಘ’, ‘ಹ್ರಸ್ವ’ ಎಂಬ ಹೆಸರುಗಳುಂಟು. ನಮ್ಮ ವ್ಯಾಕರಣದ ವಿದ್ಯಾರ್ಥಿಗಳಿಗೆ ಇವು ಅಪರಿಚಿತವಲ್ಲ. ಮನುಷ್ಯರ ದೀರ್ಘ ವಿನ್ಯಾಸದ ತಳಿಗಳು ಸಾಮಾನ್ಯವಾಗಿ ಎರಡನೆಯ ಉಪಗುಂಪಿಗೆ ಸೇರುತ್ತವೆ. ದೀರ್ಘ ವಿನ್ಯಾಸದೊಡನೆ ಒಂದನೆಯ ಉಪಗುಂಪು ಕೂಡಿಬರುವುದು ಪ್ರಾಣಿಗಳ ತಳಿಗಳ ಲಕ್ಷಣ.

ಮೈಸೂರಿನಲ್ಲಿ ಅತಿಸಾರಪೀಡಿತ ಮಕ್ಕಳಿಂದ ದೊರೆತ ಎಂಪಿ 409 ಮತ್ತು ಎಂಪಿ 480 ಎಂಬ ತಳಿಗಳಲ್ಲಿ ಈ ಲಕ್ಷಣವೇ ಕಂಡುಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾರಾವ್ ಮತ್ತು ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಇವಕ್ಕೆ ಅತಿ ಸಮೀಪದ ಬಂಧು ಎ5 ಎಂಬ ಜಿ8 ಮಾದರಿಯ ತಳಿ. ಅದನ್ನು ಮೊದಲು ಪ್ರತ್ಯೇಕಿಸಿದುದು ದೂರದ ಥಾಯ್ಲೆಂಡಿನಲ್ಲಿ, ಒಂದು ಕರುವಿನಿಂದ! ಅರಮನೆಯ ಲಾಯವನ್ನೂ ಕುದುರೆ ಪಂದ್ಯದ ಮೈದಾನವನ್ನೂ ನೆನೆಯುವ ಮೈಸೂರಿಗರಿಗೆ ನಿರಾಶೆಯಾದೀತು. ಇಲ್ಲಿ ಗುರುತು ಬಿಟ್ಟುದು ದನದ ವೈರಸ್ಸೇ.

ಇದಕ್ಕೆ ಮುಂಚೆಯೇ, 1993ರಲ್ಲಿ, ಬೆಂಗಳೂರಿನ ನವಜಾತ ಶಿಶುಗಳಿಂದ ದೊರೆತ ಐ 321 ತಳಿಯ ಹೊರಕವಚದ ಪ್ರೋಟೀನುಗಳು ದನದ ತಳಿಯವನ್ನು ಹೋಲುವುದು ಪ್ರಕಟವಾಗಿತ್ತು. ಅದರ 11 ತುಂಡುಗಳಲ್ಲಿ ಒಂಬತ್ತು ದನದ ಮೂಲದವು, ಎರಡು ಮಾತ್ರ ಮನುಷ್ಯ ಮೂಲದವು. ಆ ಶಿಶುಗಳಲ್ಲಿ ಭೇದಿಯ ಚಿಹ್ನೆಯೇ ಇರಲಿಲ್ಲ. ಮೈಸೂರಿನ ಮಕ್ಕಳಾದರೋ ರೋಗಿಗಳು. ಆದುದರಿಂದ ಪ್ರಾಣಿಮೂಲದ ತಳಿಯೆಂದರೆ ಸೌಮ್ಯವೆಂದು ಬಗೆಯುವುದು ಯುಕ್ತವಲ್ಲ. ದನದ ಮೂಲದ ಒಂದು ತುಂಡನ್ನು ಪಡೆದಿದ್ದ ದೆಹಲಿಯ 116ಇ ತಳಿಯಿಂದ ಸಿದ್ಧವಾದ ರೋಟಾವ್ಯಾಕ್ ಲಸಿಕೆ 2014ರಲ್ಲಿ ಪರವಾನಗಿ ಪಡೆದು, 2016ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನು ಸೇರಿದುದೂ ಇಲ್ಲಿ ಸ್ಮರಣೀಯ.

ಇನ್ನು ಕುದುರೆಯ ವಿಷಯ. ಕುದುರೆಮರಿಗಳಲ್ಲಿ ಹೆಚ್ಚಾಗಿ ಕಾಣುವುವು ಜಿ3 ಮತ್ತು ಜಿ14 ತಳಿಗಳು. 2013ರಿಂದೀಚೆಗೆ ಆಸ್ಟ್ರೇಲಿಯ, ಏಷ್ಯ ಮತ್ತು ಯೂರೋಪಿನ ಮಕ್ಕಳಲ್ಲಿ ‘ಕುದುರೆಯಂಥ ಜಿ3’ ಎಂಬ ತಳಿ ಹರಡಿತು. ಹೆಸರು ಕೇಳಿ ಮಗುವಿಗೆ ಕುದುರೆಯಿಂದಲೇ ಸೋಂಕು ತಗುಲಿತೆಂದು ತಿಳಿಯಬಾರದು. ಹೊರಕವಚದ ಒಂದು ಪ್ರೋಟೀನಿನ ತುಂಡು ಕುದುರೆಯ ತಳಿಯದನ್ನು ಹೋಲುತ್ತದೆ. ಮಿಕ್ಕವು ಬಹುತೇಕ ಮನುಷ್ಯರಲ್ಲಿ ಪರಿಚಿತವಾದವು. ಜಿ ಮತ್ತು ಪಿ ಮಾದರಿಗಳನ್ನಷ್ಟೇ ನೋಡುವ ಸಮೀಕ್ಷೆ ಓದುವುದು 11ರಲ್ಲಿ ಎರಡು ತುಂಡುಗಳನ್ನು. ವೈರಸ್ಸಿನ ವಂಶಚರಿತ್ರೆಯ ಹೆಚ್ಚಿನ ಭಾಗ ಅಡಗಿರುವುದು ಉಳಿದ ಒಂಬತ್ತರಲ್ಲಿ.